ಮೂರು ಸಲ ಹೇಳಿದ ಹೆಸರು

ಬಹಳ ಬಹಳ ಹಿಂದೆ, ವಲ್ತಾವಾ ನದಿಯ ದಡದಲ್ಲಿ ಚೆಕ್ ಜನರ ಒಂದು ರಾಜ್ಯವಿತ್ತು. ಅದರ ರಾಜ ತೀರಿಕೊಂಡಾಗ ಪಟ್ಟಕ್ಕೆ ಉಳಿದವಳು ಒಬ್ಬಳೇ ಮಗಳು, ಸ್ವಾತವಾ. ಆದರೆ ರಾಜನ ತಮ್ಮ ಕ್ರೆಸೋಮಿರನಿಗೆ ಸಿಂಹಾಸನದ ಆಸೆ. ಅವನು ಒಬ್ಬ ಮಾಟಗಾರನನ್ನು ಕರೆಸಿ, ಅಣ್ಣನ ಮಗಳನ್ನು ಹಂಸವನ್ನಾಗಿ ಮಾಡಿಸಿ ನದಿಗೆ ಬಿಟ್ಟು, ತಾನೇ ಪಟ್ಟವೇರಿದ.

ಆ ನಾಡಿನ ಗಡಿಯ ಕೋಟೆಯೊಂದರಲ್ಲಿ ರತಿಬೋರನೆಂಬ ಸಾಮಂತನಿದ್ದ. ಸ್ವಾತವಾಳನ್ನು ಕಾಯುತ್ತೇನೆಂದು ಸಾಯುವ ರಾಜನಿಗೆ ಮಾತು ಕೊಟ್ಟವನು ಅವನು. ಒಂದು ಮುಂಜಾನೆ ಹಂಸವು ಅವನ ಕೋಟೆಯ ಕೆಳಗೆ ಈಜಿಬಂದು ನುಡಿಯಿತು.

"ಪ್ರಭುಗಳ ಸಭೆಯಲ್ಲಿ ನೀವು ಮೂರು ಸಲ ನನ್ನನ್ನು ರಾಣಿಯೆಂದು ಸಾರಿದರೆ ನನ್ನ ರೂಪ ನನಗೆ ಬರುತ್ತದೆ. ಆದರೆ ಅದು ಮಾಟಗಾರನಿಗೂ ಗೊತ್ತು, ಒಡೆಯರೇ."

ಗೊತ್ತಿದ್ದದ್ದರಿಂದಲೇ ಮಾಟಗಾರ ರತಿಬೋರನ ಒಬ್ಬನೇ ತಮ್ಮ ವೋಕನನ್ನು ಹಿಡಿದು ತಂದಿದ್ದ. ಸಭೆ ಸೇರಿದ ದಿನ ವೋಕನನ್ನು ನಡುವೆ ನಿಲ್ಲಿಸಿ ಹೇಳಿದ: "ಅವಳ ಹೆಸರೆತ್ತಿದಷ್ಟೂ ನಿನ್ನ ತಮ್ಮ ಕಲ್ಲಾಗುತ್ತಾನೆ."

ರತಿಬೋರ ಎದ್ದು ನಿಂತ. "ಸ್ವಾತವಾ ನಮ್ಮ ರಾಣಿ," ಎಂದ. ವೋಕನ ಕಾಲುಗಳು ಮೊಣಕಾಲಿನವರೆಗೆ ಕಲ್ಲಾದವು.

"ಸುಮ್ಮನಿರು, ಅರ್ಧ ರಾಜ್ಯ ನಿನ್ನದು," ಎಂದ ಕ್ರೆಸೋಮಿರ.

"ಸ್ವಾತವಾ ನಮ್ಮ ರಾಣಿ," ಎಂದ ರತಿಬೋರ. ಕಲ್ಲು ವೋಕನ ಎದೆಗೇರಿತು. ಅವನ ಉಸಿರು ಸಣ್ಣಗಾಯಿತು.

ಆಗ ರತಿಬೋರ ತಮ್ಮನತ್ತ ನಡೆದ. ತಾಯಿ ಸತ್ತ ಮೇಲೆ ಕೈಯಾರೆ ಉಣಿಸಿ ಬೆಳೆಸಿದ ತಮ್ಮ. ಹತ್ತಿರ ಹೋಗಿ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದ. "ಇನ್ನು ನನ್ನಿಂದಾಗದು, ಮಗೂ. ನೀನೇ ಹೇಳು, ಏನು ಮಾಡಲಿ?"

"ಅಣ್ಣಾ, ಎರಡು ಸಲ ಹೇಳಿ ಈಗ ನಿಲ್ಲಿಸಿದರೆ ನಾನು ಕಲ್ಲಾದದ್ದು ದಂಡ," ಎಂದ ವೋಕ. "ನನ್ನ ಮುಖ ನೋಡುತ್ತಲೇ ಹೇಳು. ಹೆದರಿಕೆಯಾಗುತ್ತಿದೆ."

ರತಿಬೋರ ನೋಡುತ್ತಲೇ ಹೇಳಿದ. ಅಂಗೈಗಳ ನಡುವೆ ತಮ್ಮನ ಕೆನ್ನೆ ತಣ್ಣಗಾಯಿತು.

ಬಾಗಿಲು ತೆರೆಯಿತು. ನೀರು ತೊಟ್ಟಿಕ್ಕುವ ಕೂದಲಿನ ಸ್ವಾತವಾ ಒಳಗೆ ಬಂದಳು. ಮುರಿದ ಮಾಟ ಮಾಡಿದವನಿಗೇ ತಿರುಗುವುದು. ಮಾಟಗಾರ ನಿಂತಲ್ಲೇ ಕಲ್ಲಾಗಿ, ಬಿರುಕುಬಿಟ್ಟು, ಪುಡಿಯಾದ. ಪ್ರಭುಗಳೆಲ್ಲ ರಾಣಿಗೆ ಮಂಡಿಯೂರಿದರು. ಕ್ರೆಸೋಮಿರ ತಾನೇ ಕಿರೀಟ ತೆಗೆದು ನೆಲಕ್ಕಿಟ್ಟ. ರಾಣಿ ಅವನ ಜೀವ ಉಳಿಸಿ ದೂರದ ಮಠಕ್ಕೆ ಕಳಿಸಿದಳು.

ವೋಕನ ಕೆನ್ನೆ ಮೊದಲು ಬೆಚ್ಚಗಾಯಿತು, ಆಮೇಲೆ ಎದೆ, ಆಮೇಲೆ ಕಾಲು. ಎಡಗೈ ಮಾತ್ರ ಕಲ್ಲಾಗಿಯೇ ಉಳಿಯಿತು.

ರಾಣಿ ಏನು ಬೇಕೆಂದು ಕೇಳಿದಳು. ಮನೆಗೆ ಹೋಗಲು ಅಪ್ಪಣೆ ಸಾಕೆಂದ ರತಿಬೋರ.

ಮನೆಯಲ್ಲಿ ಅವನು ರೊಟ್ಟಿ ಮುರಿದು ತಮ್ಮನ ಮುಂದಿಟ್ಟ. ಆಮೇಲೆ ಕೇಳಿದ, "ನನ್ನ ಮೇಲೆ ಕೋಪವಿದೆಯೇ?"

"ಮೂರನೆಯ ಸಲ ಹೇಳದಿದ್ದರೆ ಇರುತ್ತಿತ್ತು," ಎಂದ ವೋಕ.

ಸ್ವಾತವಾ ನ್ಯಾಯದಿಂದ ಬಹುಕಾಲ ಆಳಿದಳು. ಅಣ್ಣತಮ್ಮಂದಿರು ಒಂದೇ ಸೂರಿನಡಿ ಮುದುಕರಾಗುವವರೆಗೆ ಸುಖವಾಗಿ ಬಾಳಿದರು.