ಮೇಷ್ಟ್ರು ತಂದಿಟ್ಟ ಗಂಟೆ

"ಇವತ್ತಿಂದ ಹಾಲು ಎಷ್ಟು ಹಾಕ್ಲಿ ಅಮ್ಮಾ?"

ಹಾಲಿನವಳು ಕೇಳಿದ್ದು ಇಷ್ಟೇ. ವಾಗ್ದೇವಿ ಪಾತ್ರೆ ಹಿಡಿದುಕೊಂಡು ಹೊಸ್ತಿಲಲ್ಲೇ ನಿಂತುಬಿಟ್ಟಳು.

ಉತ್ತರಕ್ರಿಯೆ ಮುಗಿದು ನೆಂಟರೆಲ್ಲ ನಿನ್ನೆ ಬಸ್ಸು ಹತ್ತಿದ್ದರು. ಜ್ವರ ಅಂತ ಮಲಗಿದ ಅವಳ ಗಂಡ ಕನ್ನಪ್ಪ ಮೇಷ್ಟ್ರು ಏಳಲೇ ಇಲ್ಲ. ಸಾಗರದ ಈ ಬಾಡಿಗೆ ಮನೆಯಲ್ಲಿ ಈಗ ಅವಳು, ಅತ್ತೆ ಬಂಗಾರಮ್ಮ ಇಬ್ಬರೇ. ಅಳು ಬರುತ್ತಿರಲಿಲ್ಲ. ಬರುತ್ತಿದ್ದುದು ಸಿಟ್ಟು... ಹಾಲಿನ ಮೇಲೆ, ಬಿಸಿಲಿನ ಮೇಲೆ, ಎಂದಿನಂತೆ ಕೂಗುತ್ತಾ ಹೋದ ಸೊಪ್ಪಿನವಳ ಮೇಲೆ.

ಅಷ್ಟರಲ್ಲಿ ಬಾಗಿಲ ಮುಂದೆ ಒಬ್ಬ ಬಂದು ನಿಂತ. ಎತ್ತರದ ಆಳು. ಕಿವಿಯ ಹಿಂದೆ ನಿನ್ನೆಯ ಬಣ್ಣ ಇನ್ನೂ ಪೂರ್ತಿ ಹೋಗಿರಲಿಲ್ಲ. ವನಮಾಲಾ ನಾಟಕ ಮಂಡಳಿಯ ಕೆರಿಯಪ್ಪ! ಮೇಷ್ಟ್ರು ಸಂಜೆಯೆಲ್ಲ ಕಳೆಯುತ್ತಿದ್ದುದು ಇವನ ತಗಡಿನ ರಂಗಮಂದಿರದಲ್ಲೇ.

"ಅಮ್ಮೋರೇ... ಅದು... ಶಾಲೆ ವಾರ್ಷಿಕೋತ್ಸವಕ್ಕೆ ಅಂತ ಮೇಷ್ಟ್ರು ನಮ್ಮ ಗಂಟೆ ತಗೊಂಡು ಹೋಗಿದ್ರು. ಪರದೆ ಏಳೋ ಮುಂಚೆ ಬಾರಿಸ್ತೀವಲ್ಲ, ಅದು..."

ಗಂಟೆ! ಮನುಷ್ಯ ಹೋಗಿದ್ದಾನೆ, ಇವನಿಗೆ ಗಂಟೆ!

"ಇಲ್ಲಿ ಯಾವ ಗಂಟೆಯೂ ಇಲ್ಲ," ಎಂದಳು. "ಇನ್ನೇನು ಬೇಕಿತ್ತು? ಅವರ ಚಪ್ಪಲಿ ಇದೆ, ಕೊಡಲಾ?"

ಅವನ ಮುಖ ಸಣ್ಣಗಾಯಿತು. ಅವಳ ಭುಜದಾಚೆ ಒಳಗೆ ಒಮ್ಮೆ ನೋಡಿದ. ತಟ್ಟನೆ ಕಣ್ಣು ಕೆಳಗಿಳಿಸಿದ.

"ಬೇಡ ಬಿಡಿ. ತಪ್ಪಾಯ್ತು."

ಹೊರಟೇ ಹೋದ.

ಬಾಗಿಲು ಹಾಕಿ ತಿರುಗಿದವಳಿಗೆ ಗೋಡೆಯ ಗೂಡು ಕಂಡಿತು. ಹಿತ್ತಾಳೆಯ ಗಂಟೆ ಅಲ್ಲೇ ಇತ್ತು! ಅದರ ಹಿಡಿಕೆಗೆ ಮೇಷ್ಟ್ರ ಕನ್ನಡಕ ನೇತುಬಿದ್ದಿತ್ತು. ಮಲಗುವ ಮುಂಚೆ ಅವರೇ ಹಾಗೆ ಇಟ್ಟದ್ದು.

ಕೂಗಿ ಕರೆಯಬೇಕಿತ್ತು. ಕರೆಯಲಿಲ್ಲ. ಕನ್ನಡಕ ತೆಗೆಯದೆ ಗಂಟೆ ಕೊಡುವುದು ಹೇಗೆ?

* * *

ಚಳಿಗಾಲ ಕಳೆಯುವ ಹೊತ್ತಿಗೆ ರಂಗಮಂದಿರ ಮುಚ್ಚುವ ಮಾತು ಊರೆಲ್ಲ ಹಬ್ಬಿತು. ಹೊಳೆಗೆ ಅಣೆಕಟ್ಟು ಬಂದು ಹಳ್ಳಿಗಳು ಮುಳುಗಿದ ಮೇಲೆ, ಗಾಡಿ ಕಟ್ಟಿಕೊಂಡು ನಾಟಕಕ್ಕೆ ಬರುತ್ತಿದ್ದವರೆಲ್ಲ ದಿಕ್ಕಿಗೊಬ್ಬರಾಗಿದ್ದರು. ಮಳೆಗಾಲದೊಳಗೆ ಜನ ತುಂಬದಿದ್ದರೆ ಕಟ್ಟಡವನ್ನು ಅಡಿಕೆ ದಾಸ್ತಾನಿಗೆ ಕೊಡುತ್ತೇನೆ ಎಂದು ಅದರ ಸಾಹುಕಾರರು ಹೇಳಿಬಿಟ್ಟಿದ್ದರು.

ಇದಕ್ಕೆ ಕನ್ನಪ್ಪ ಮೇಷ್ಟ್ರು ಹೋಗುವ ಮುಂಚೆ ಒಂದು ಉಪಾಯ ಹೇಳಿದ್ದರಂತೆ. ಊರೂರ ಬಯಲಲ್ಲಿ ಪುಕ್ಕಟೆ ನಾಟಕ ಆಡುವುದು, ಕಥೆ ಬಿಗಿಯಾದಾಗ ನಿಲ್ಲಿಸಿ, "ಮುಂದಿನದ್ದು ಸಾಗರದ ರಂಗಮಂದಿರದಲ್ಲಿ, ಟಿಕೆಟ್ ತಗೊಂಡು ಬನ್ನಿ" ಎನ್ನುವುದು.

ಇದನ್ನು ಹೇಳಿದ್ದು ಮತ್ತೆ ಬಾಗಿಲಿಗೆ ಬಂದ ಕೆರಿಯಪ್ಪ. ಈ ಸಲ ಹೊಸ್ತಿಲಿಗೂ ಹತ್ತಿರ ಬರಲಿಲ್ಲ. ಅಂಗಳದಲ್ಲೇ ನಿಂತಿದ್ದ.

"ನೀವು ಮೈಸೂರಲ್ಲಿ ಅರ್ಥಶಾಸ್ತ್ರ ಓದಿದವ್ರು. ಹೊಸನಗರದಲ್ಲಿ ಮೊದಲ ಆಟ. ಬಂದು ನೋಡಿ, ಇದು ನಡೆಯುತ್ತಾ ಇಲ್ವಾ ಹೇಳಿ."

"ನನಗೆ ಪುರುಸೊತ್ತಿಲ್ಲ."

"ಎಂತ ಪುರುಸೊತ್ತಿಲ್ಲ?" ಒಳಗಿನಿಂದ ಬಂಗಾರಮ್ಮನ ದನಿ. "ಗೋಡೆ ನೋಡೋದು ಮುಗಿದಿಲ್ವಾ? ನನ್ನ ಮಗ ಹೇಳಿದ ಉಪಾಯ ಅದು. ನಾನೂ ಬರ್ತೀನಿ, ನಡಿ!"

* * *

ಹೊಸನಗರದ ಬಯಲಲ್ಲಿ ಜನವೋ ಜನ! ಹಿನ್ನೀರಿಗೆ ಮನೆ ಬಿಟ್ಟು ಬಂದವರೆಲ್ಲ ಚಾಪೆ ಹಿಡಿದು ಬಂದಿದ್ದರು. ಕಾಯಿ ಒಡೆದು, ನಾಂದಿ ಹಾಡಿ, ಆಟ ಶುರುವಾಯಿತು. ಗಂಟೆಯಿಲ್ಲದೆ ಯಾರೋ ಊಟದ ತಟ್ಟೆಯನ್ನು ಸೌಟಿನಿಂದ ಬಡಿದರು. ವಾಗ್ದೇವಿ ತಲೆ ತಗ್ಗಿಸಿದಳು.

ಯುದ್ಧಕ್ಕೆ ಹೋದ ರಾಜಕುಮಾರನಿಗಾಗಿ ಹೆಂಡತಿ ಕಾಯುವ ಕಥೆ. ಕೊನೆಗೂ ದೂತ ಬಂದ. ಬಾಯಿ ತೆರೆದ. ಅಷ್ಟರಲ್ಲಿ ಕೆರಿಯಪ್ಪ ವೇಷದಲ್ಲೇ ಮುಂದೆ ಬಂದು ಕೈ ಮುಗಿದ.

"ರಾಜಕುಮಾರ ಬದುಕಿದ್ದಾನೋ ಇಲ್ಲವೋ... ತಿಳಿಯಲು ನಮ್ಮ ರಂಗಮಂದಿರಕ್ಕೆ ಬನ್ನಿ!"

ಮುಂದಿನ ಸಾಲಿನಿಂದ ಒಬ್ಬ ಹೆಂಗಸು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಎದ್ದಳು.

"ಮಂಗಳ ಎಲ್ಲಿ?"

"ಅಮ್ಮಾ, ಅದು ಸಾಗರದಲ್ಲಿ..."

"ಕಾಯಿ ಒಡೆದು ಕೂರಿಸಿದ್ದೀಯ! ಮಂಗಳ ಹಾಡದೆ ಏಳು ಅಂತೀಯಾ? ಊರು ಮುಳುಗಿಸಿಕೊಂಡು ಬಂದಿದ್ದೀವಿ, ಇನ್ನು ಅರ್ಧ ಆಟದ ಅಪಶಕುನವನ್ನೂ ಹೊತ್ಕೊಂಡು ಮನೆಗೆ ಹೋಗಬೇಕಾ?"

"ಗುತ್ಯಮ್ಮ ಹೇಳಿದ್ದು ಸರಿ!" ಎಂದರು ಹಿಂದಿನವರು. ಯಾರೂ ಚಾಪೆ ಸುತ್ತಲಿಲ್ಲ. ಕೊನೆಗೆ ಗುತ್ಯಮ್ಮನೇ ಒಂದು ದೇವರ ಹಾಡು ಹೇಳಿ, ಕರ್ಪೂರ ಹಚ್ಚಿ ಎಲ್ಲರನ್ನೂ ಎಬ್ಬಿಸಿದಳು. ಹೋಗುವಾಗ ಕೆರಿಯಪ್ಪನ ಕಡೆ ಯಾರೂ ತಿರುಗಿ ನೋಡಲಿಲ್ಲ.

ಮುಂದಿನ ಆಟಕ್ಕೆ ಹೊಸನಗರದಿಂದ ಒಂದು ನರಪಿಳ್ಳೆಯೂ ಸಾಗರಕ್ಕೆ ಬರಲಿಲ್ಲ.

* * *

"ಈಗ ತೀರ್ಥಹಳ್ಳೀಲಿ ಆಡ್ತೀನಿ," ಎಂದ ಕೆರಿಯಪ್ಪ, ರಂಗಮಂದಿರದ ಖಾಲಿ ಬೆಂಚುಗಳ ನಡುವೆ ನಿಂತು.

ಆಟ ನೋಡಲು ಬಂದಿದ್ದ ವಾಗ್ದೇವಿಗೆ ತಡೆಯಲಾಗಲಿಲ್ಲ. "ತೀರ್ಥಹಳ್ಳಿಯವರು ಅರ್ಧ ನಾಟಕಕ್ಕೆ ಅಷ್ಟು ದೂರದಿಂದ ಇಲ್ಲಿಗೆ ಬರ್ತಾರಾ? ನಿಮಗೆ ತಲೆ ಇದೆಯಾ? ಹತ್ತಿರದ ಆನಂದಪುರಕ್ಕೆ ಹೋಗಿ. ಪೂರ್ತಿ ಆಡಿ, ಮಂಗಳ ಹಾಡಿ. ಬೇರೆ ಕಥೆಗಳಿಗೆ ಇಲ್ಲಿ ಟಿಕೆಟ್ ಇಡಿ."

"ಹೊಟ್ಟೆ ತುಂಬ ನೋಡಿದವ್ರು ಮತ್ತೆ ಯಾಕೆ ಬರ್ತಾರೆ?"

"ಚೆನ್ನಾಗಿ ಉಂಡ ಮನೆಗೇ ಅಲ್ವಾ ಮತ್ತೆ ಹೋಗೋದು? ಅರ್ಧ ಊಟದಲ್ಲಿ ಎಬ್ಬಿಸಿದವರ ಮನೆಗೆ ಯಾರು ಹೋಗ್ತಾರೆ?"

"ಆದರೆ ಮೇಷ್ಟ್ರು ಹೇಳಿದ್ದು..."

"ಮೇಷ್ಟ್ರು ತಪ್ಪು ಹೇಳಿದ್ರು!"

ತಗಡಿನ ಮಾಡಿಗೆ ಬಡಿದು ಆ ಮಾತು ಅವಳಿಗೇ ವಾಪಸು ಬಂತು.

"ಅವರೂ ತಪ್ಪು ಮಾಡ್ತಿದ್ರು ಕೆರಿಯಪ್ಪನವರೇ! ಉಪ್ಪು ಹಾಕಿದ ಸಾರಿಗೆ ಮತ್ತೆ ಉಪ್ಪು ಹಾಕ್ತಿದ್ರು. ಕೊಡೆ ಎಲ್ಲೆಲ್ಲೋ ಬಿಟ್ಟು ಬರ್ತಿದ್ರು. ಜ್ವರ ಬಂದಾಗ ಡಾಕ್ಟರ ಹತ್ತಿರ ಹೋಗೋಣ ಅಂದ್ರೆ ನಾಳೆ, ನಾಳೆ ಅಂದ್ರು! ಎಲ್ಲರೂ ಅವರನ್ನ ದೇವರು ಮಾಡಿದ್ದೀರಿ... ನಾನು ಯಾರ ಹತ್ತಿರ ಜಗಳ ಆಡಲಿ?"

ಕಣ್ಣಿನಿಂದ ಏನೋ ಇಳಿಯುತ್ತಿತ್ತು. ಕೈ ಮುಟ್ಟಿ ನೋಡಿದಳು. ಅಳು! ಇಷ್ಟು ದಿನದ ಮೇಲೆ!

ಕೆರಿಯಪ್ಪ ಬಿಳಿಚಿಕೊಂಡಿದ್ದ. "ಹೋದ ಸ್ನೇಹಿತನ ಮಾತು ಬದಲಿಸೋಕೆ ನನಗೆ ಮನಸ್ಸು ಬರ್ತಿಲ್ಲ," ಎಂದ ಮೆಲ್ಲಗೆ.

"ಹಾಗಾದ್ರೆ ಸಾಹುಕಾರರಿಗೆ ಬೀಗದಕೈ ಕೊಟ್ಟುಬಿಡಿ!"

ಮುಖ ಒರೆಸಿಕೊಂಡು ಹೊರಟುಬಿಟ್ಟಳು. *ಸತ್ತ ಗಂಡನನ್ನೇ ಬೈಯುವವಳು ಅಂದುಕೊಂಡಿರುತ್ತಾನೆ. ಅಂದುಕೊಳ್ಳಲಿ!*

ಆದರೂ ಮನೆ ಮುಟ್ಟುವವರೆಗೆ ಅದೇ ಕೊರೆಯುತ್ತಿತ್ತು. ಅವನು ಏನಂದುಕೊಂಡರೆ ತನಗೇನು? ಈ ಪ್ರಶ್ನೆಗೆ ಉತ್ತರ ಸಿಗದೆ ಇನ್ನಷ್ಟು ಸಿಟ್ಟು ಬಂತು.

* * *

ಮುಂದಿನ ವಾರ ಆನಂದಪುರದಲ್ಲಿ ಆಟ ಎಂದು ತಿಳಿದಾಗ ಅತ್ತೆ ಸೀರೆ ಉಟ್ಟು ತಯಾರಾಗಿದ್ದಳು.

ಬಯಲಲ್ಲಿ ದೂತ ಬಂದ. ವಾಗ್ದೇವಿ ಉಸಿರು ಬಿಗಿಹಿಡಿದಳು. *ಈಗ ಬರುತ್ತಾನೆ, ಈಗ ಕೈ ಮುಗಿಯುತ್ತಾನೆ...*

ಕೆರಿಯಪ್ಪ ಬಂದ. ಆದರೆ ರಾಜಕುಮಾರನಾಗಿ, ಕೈಗೆ ಕಟ್ಟು ಕಟ್ಟಿಕೊಂಡು, ಕುಂಟುತ್ತಾ. ಜನ ಹೋ ಎಂದರು! ಬಂಗಾರಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಮಂಗಳ ಹಾಡುವಾಗ ಬಯಲಿಗೆ ಬಯಲೇ ಎದ್ದು ನಿಂತಿತು.

ಚಾಪೆ ಸುತ್ತುತ್ತಿದ್ದ ಒಬ್ಬ ಮುದುಕ ಕೇಳಿದ: "ಸಾಗರದಲ್ಲಿ ಯಾವಾಗ ಆಡ್ತೀರಾ? ಬೇರೆ ಕಥೆ ತಾನೇ?"

ಕೆರಿಯಪ್ಪ ಉತ್ತರ ಹೇಳುವ ಮುಂಚೆ ಜನರ ನಡುವೆ ಅವಳನ್ನು ಹುಡುಕಿದ. ಕಣ್ಣಿಗೆ ಕಣ್ಣು ಸೇರಿತು. ಅವಳೇ ಮೊದಲು ಬೇರೆ ಕಡೆ ನೋಡಿದಳು.

* * *

ಮಂಡಳಿಯವರು ಹೊಸನಗರದಲ್ಲೂ ಆಟವನ್ನು ಪೂರ್ತಿ ಆಡಿ, ಮಂಗಳ ಹಾಡಿ, ಗುತ್ಯಮ್ಮನ ಮುಂದೆ ತಪ್ಪೊಪ್ಪಿಕೊಂಡು ಬಂದರು. ಮಳೆಗಾಲಕ್ಕೆ ಮುಂಚಿನ ಕೊನೆಯ ಆಟದ ದಿನ ಸಾಗರದ ರಂಗಮಂದಿರದ ಮುಂದೆ ಗಾಡಿ ನಿಲ್ಲಿಸಲು ಜಾಗವಿರಲಿಲ್ಲ. ಅಡಿಕೆ ದಾಸ್ತಾನಿಗೆ ಬೇರೆ ಕಟ್ಟಡ ನೋಡುವುದಾಗಿ ಸಾಹುಕಾರರೇ ಹೇಳಿ, ಮುಂದಿನ ಸಾಲಿನಲ್ಲಿ ಕುಳಿತರು.

ಮನೆಯಲ್ಲಿ ವಾಗ್ದೇವಿ ಗೂಡಿನ ಮುಂದೆ ನಿಂತಿದ್ದಳು.

"ಆ ಗಂಟೆಗೆ ಇನ್ನೆಷ್ಟು ದಿನ ಧೂಳು ಒರೆಸ್ತೀಯ?" ಎಂದಳು ಬಂಗಾರಮ್ಮ. "ಕನ್ನಡಕ ನನಗೆ ಕೊಡು, ನನ್ನ ಪೆಟ್ಟಿಗೆಯಲ್ಲಿ ಇರಲಿ. ಗಂಟೆ ಕೊಟ್ಟು ಬಾ. ಮಾತಾಡೋದಿದ್ರೆ ಮಾತಾಡಿ ಬಾ. ನಾ ಏನೂ ಕಾಯಲ್ಲ, ಉಂಡು ಮಲಗ್ತೀನಿ."

"ಅತ್ತೆ..."

"ನನಗೆಂತ ಕಣ್ಣು ಕಾಣಲ್ವಾ? ಹೋಗೇ!"

ವಾಗ್ದೇವಿ ಹಿಡಿಕೆಯಿಂದ ಕನ್ನಡಕ ಬಿಡಿಸಿ ಅತ್ತೆಯ ಅಂಗೈಯಲ್ಲಿಟ್ಟಳು.

* * *

ಬಣ್ಣದ ಕೋಣೆಯ ಹಿಂದೆ ಕೆರಿಯಪ್ಪ ತಟ್ಟೆ, ಸೌಟು ಹಿಡಿದು ನಿಂತಿದ್ದ.

"ಅದನ್ನ ಕೆಳಗಿಡಿ," ಎಂದಳು. ಸೆರಗಿನ ಮರೆಯಿಂದ ಗಂಟೆ ತೆಗೆದಳು. "ಮನೆಯಲ್ಲೇ ಇತ್ತು. ಆಮೇಲೆ ಕಂಡ್ರೂ ನಾನು..."

"ಗೊತ್ತು."

"ಗೊತ್ತಾ?"

"ಅವತ್ತೇ ನೋಡಿದೆ. ನಿಮ್ಮ ಹಿಂದೆ, ಗೂಡಲ್ಲಿ."

"ಮತ್ತೆ ಯಾಕೆ ಕೇಳಲಿಲ್ಲ? ಇಷ್ಟು ದಿನ ತಟ್ಟೆ ಬಡ್ಕೊಂಡು..."

"ಅದರ ಮೇಲೆ ಮೇಷ್ಟ್ರ ಕನ್ನಡಕ ಇತ್ತಲ್ಲ. ತೆಗೀರಿ ಅಂತ ನಾನು ಹೇಗೆ ಹೇಳ್ಲಿ?"

ಈ ಮನುಷ್ಯನ ಮೇಲೆ ತಾನು ಎಷ್ಟು ರೇಗಿದ್ದೆ!

"ನಾನು ಬೈದಾಗ್ಲೂ ಸುಮ್ಮನೆ ಇದ್ರಿ. ಗಂಡನನ್ನ ಬೈಯೋ ಹೆಂಗಸು ಅನ್ನಿಸಲಿಲ್ವಾ?"

"ಉಪ್ಪಿನ ಸಾರಿನ ಮಾತು ಹೇಳಿದ್ರಲ್ಲ... ಆಗಲೇ ಮೇಷ್ಟ್ರು ಮತ್ತೆ ಮನುಷ್ಯರಾಗಿ ಸಿಕ್ಕಿದ್ರು ನನಗೆ. ಆಮೇಲೇ ಅವರ ಮಾತು ಬದಲಿಸೋಕೆ ಧೈರ್ಯ ಬಂತು." ತಟ್ಟೆ, ಸೌಟು ಕೆಳಗಿಟ್ಟ. "ಒಂದು ಮಾತು ಹೇಳ್ತೀನಿ, ಸಿಟ್ಟು ಮಾಡ್ಬೇಡಿ."

"ಮಾಡ್ತೀನಿ. ಹೇಳಿ."

"ನೀವು ಬಂದು ಬೈಯದ ದಿನ ನನಗೆ ಏನೂ ಸೇರಲ್ಲ, ವಾಗ್ದೇವಿಯವ್ರೇ."

ಹೊರಗೆ ಜನ ಸೀಟಿ ಹೊಡೆಯುತ್ತಿದ್ದರು. ಅವಳು ಗಂಟೆಯ ನಾಲಗೆಯನ್ನು ಬೆರಳಿನಿಂದ ಹಿಡಿದುಕೊಂಡಳು.

"ನನಗೆ ಇನ್ನೂ ಸಮಯ ಬೇಕು."

"ಆಗಲಿ."

"ಮನೇಲಿ ಅವರ ಮಾತು ಬರುತ್ತೆ. ದಿನಾ ಬರುತ್ತೆ."

"ಬರ್ಲಿ. ನನ್ನ ಹತ್ರಾನೂ ಬೇಕಾದಷ್ಟಿದೆ ಅವರ ಕಥೆ. ನನ್ನ ಕೊಡೆ ಕಳೆದದ್ದೂ ಅವರೇ!"

ವಾಗ್ದೇವಿ ನಕ್ಕುಬಿಟ್ಟಳು. ಕಣ್ಣಲ್ಲಿ ನೀರಿತ್ತು, ಆದರೂ ನಕ್ಕಳು.

"ಅತ್ತೆಗೆ ಮಂಡಿ ನೋವು. ಬೆಂಚಲ್ಲಿ ಕೂರೋಕಾಗಲ್ಲ. ಮಳೆ ಕಳೆದು ಆಟ ಶುರುವಾದಾಗ ಕೈ ಇರೋ ಕುರ್ಚಿ ಹಾಕಿಸಿ."

"ಎಷ್ಟು ಕುರ್ಚಿ?"

"ಎರಡು," ಎಂದು ಅವಳು ಗಂಟೆಯನ್ನು ಅವನ ಕೈಗಿಟ್ಟಳು.