ಅವತ್ತು ಶಾಲು ಹೆಗಲ ಮೇಲಿರಲಿಲ್ಲ

"ಕೂತ್ಕೊಳ್ಳಿ! ದೋಣಿ ಮಗುಚುತ್ತೆ!"

ಲೆಕ್ಕದ ಮೇಷ್ಟ್ರು ಬಾಗಿಲಲ್ಲೇ ಗಕ್ಕನೆ ನಿಂತರು. ಅವರು ಬಂದಿದ್ದು ಜಗಳಕ್ಕೆ. ಪಕ್ಕದ ಕೋಣೆಯಲ್ಲಿ ಭಾಗಾಕಾರ ಹೇಳಿಕೊಡುತ್ತಿದ್ದವರಿಗೆ ಗೋಡೆಯಾಚೆಯಿಂದ ಮಕ್ಕಳ ಕಿರುಚಾಟ ಕೇಳಿ ತಲೆ ಕೆಟ್ಟುಹೋಗಿತ್ತು. ಚಾಕ್‌ಪೀಸು ಇನ್ನೂ ಕೈಯಲ್ಲೇ ಇತ್ತು.

ಒಳಗೆ ನಾಲ್ಕು ಬೆಂಚುಗಳನ್ನು ದೋಣಿಯ ಹಾಗೆ ಜೋಡಿಸಿದ್ದರು. ದೋಣಿಯಲ್ಲಿ ಆರು ಮಕ್ಕಳು. ಉಳಿದವರೆಲ್ಲ ನೀಲಿ ಬಟ್ಟೆ ಹಿಡಿದು ಅಲುಗಾಡಿಸುತ್ತ ಸಮುದ್ರವಾಗಿದ್ದರು. ಮಧ್ಯದಲ್ಲಿ ಕೆಂಪು ಶಾಲು ಹೊದ್ದು, ದೋಣಿಯ ಕಪ್ತಾನಿನ ಹಾಗೆ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದವಳು ವಾರದ ಹಿಂದಷ್ಟೇ ಶಾಲೆಗೆ ಸೇರಿದ ನಾಟಕದ ಮಿಸ್.

ಬೈಯಬೇಕೆಂದು ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮೇಷ್ಟ್ರಿಗೆ ಮರೆತೇಹೋಯಿತು. ಆ ಕಣ್ಣುಗಳಲ್ಲಿ ನಿಜವಾದ ಬಿರುಗಾಳಿಯೇ ಇತ್ತು... ಅವರು ತೆಪ್ಪಗೆ ಬೆಂಚಿನ ತುದಿಯಲ್ಲಿ ಕೂತರು.

ಕೂತಿದ್ದೇ ತಡ, ಎಲ್ಲರೂ ಚಿನಕುರುಳಿ ಎಂದು ಕರೆಯುವ ಹುಡುಗಿ ಮುಖ ಊದಿಸಿದಳು. ದೋಣಿಯಲ್ಲಿ ಇರುವುದು ಒಂದೇ ಬಾಟಲಿ ನೀರು. ಮಿಸ್ ಸೇರಿ ಏಳು ಜನರಿದ್ದರು, ಈಗ ಎಂಟಾಯಿತು.

"ಸರ್ ಬಂದಿದ್ದಕ್ಕೆ ನನ್ನ ಪಾಲು ಕಮ್ಮಿ ಆಯ್ತು. ಏಳರಲ್ಲಿ ಒಂದು ಬರ್ತಿತ್ತು, ಈಗ ಎಂಟರಲ್ಲಿ ಒಂದೇ."

ಮೇಷ್ಟ್ರು ಬೆಪ್ಪಾದರು. ಏಳಕ್ಕಿಂತ ಎಂಟು ದೊಡ್ಡದು, ಹಾಗಾಗಿ ಎಂಟನೇ ಒಂದು ಭಾಗವೇ ದೊಡ್ಡದು ಎಂದು ಒಂದು ತಿಂಗಳಿಂದ ಹಟ ಹಿಡಿದಿದ್ದವಳು ಇವಳೇ. ಬೋರ್ಡಿನ ಮೇಲೆ ಬರೆದು ಬರೆದು ಅವರ ಕೈ ಬಿದ್ದುಹೋಗಿತ್ತು.

ಗಂಟೆ ಹೊಡೆದ ಮೇಲೆ ಮಿಸ್ ಶಾಲು ತೆಗೆದು ಗೋಡೆಯ ಮೊಳೆಗೆ ಹಾಕಿದಳು. ಅದರ ಜೊತೆಗೇ ಆ ಗತ್ತೂ ಇಳಿದುಹೋಯಿತು. ಗಟ್ಟಿಯಾಗಿ ಗದರಿಸಿದ್ದಕ್ಕೆ ಸಂಕೋಚದಿಂದ ಕ್ಷಮೆ ಕೇಳಿದಳು.

"ಇಲ್ಲಿ ಒಂದು ನಿಯಮ ಇದೆ ಸರ್. ಶಾಲು ಹೆಗಲ ಮೇಲಿದ್ರೆ ನಾನು ಬೇರೆ ಯಾರೋ. ಆಗ ಆಡಿದ ಮಾತನ್ನ ಯಾರೂ ಮನಸ್ಸಿಗೆ ತಗೋಬಾರದು. ಮೊಳೆ ಮೇಲಿದ್ರೆ, ನಾನು ನಾನೇ."

ನಿಯಮ ಎಂದರೆ ಮೇಷ್ಟ್ರಿಗೆ ಪ್ರಾಣ. ಮುಂದಿನ ಬುಧವಾರ ನಾಟಕದ ಕ್ಲಾಸಿನ ಹೊತ್ತಿಗೆ ಬಿಡುವು ಮಾಡಿಕೊಂಡು ಅವರೇ ಬಂದರು. ಜೊತೆಗೆ ಒಂದು ನೀಲಿ ಟೋಪಿ ತಂದಿದ್ದರು. ಟೋಪಿ ತಲೆಯ ಮೇಲಿದ್ದರೆ ತಾನು ನಾವಿಕ, ತೆಗೆದರೆ ಮೇಷ್ಟ್ರು ಎಂದು ಮಕ್ಕಳಿಗೆ ಗಂಭೀರವಾಗಿ ಹೇಳಿದರು. ಮಕ್ಕಳು ಅದಕ್ಕಿಂತ ಗಂಭೀರವಾಗಿ ತಲೆಯಾಡಿಸಿದರು.

ಹೀಗೆ ಏಳು ತಿಂಗಳು.

ಪ್ರೀತಿ ಯಾವ ಬುಧವಾರ ಹುಟ್ಟಿತೋ ಮಿಸ್ಸಿಗೆ ಗೊತ್ತಿಲ್ಲ. ಒಂದು ಸಣ್ಣ ತಪ್ಪನ್ನೂ ಬಿಡದೆ ಕೆಂಪು ಶಾಯಿಯಲ್ಲಿ ಸುತ್ತುಹಾಕುವ ಆ ಮನುಷ್ಯ, ಅವಳ ಕೋಣೆಯ ಅಲುಗಾಡುವ ಬೆಂಚಿಗೆ ತಾನೇ ಸುತ್ತಿಗೆ ಹಿಡಿದು ಮೊಳೆ ಹೊಡೆದಿದ್ದ ದಿನವೇ ಇರಬೇಕು. ಹೇಳಿಬಿಡೋಣ ಎಂದುಕೊಳ್ಳುತ್ತಿದ್ದಳು. ಎದುರು ಬಂದರೆ ಬಾಯಿ ಕಟ್ಟಿಹೋಗುತ್ತಿತ್ತು. ಮೂವತ್ತು ಮಕ್ಕಳ ಬಾಯಿ ಬಿಡಿಸುವ ಮಿಸ್ಸಿಗೆ ತನ್ನ ಬಾಯಿ ಬಿಡಿಸಿಕೊಳ್ಳಲು ಬರಲಿಲ್ಲ ನೋಡಿ.

ಆಮೇಲೆ ಆ ಬುಧವಾರ ಬಂತು.

ಅಂದಿನ ಪಾಠದಲ್ಲಿ ದೋಣಿಗೆ ಒಂದು ದ್ವೀಪ ಸಿಗುತ್ತದೆ. ಒಬ್ಬರು ಇಳಿದರೆ ಉಳಿದವರಿಗೆ ನೀರು ಹೆಚ್ಚು. ಯಾರು ಇಳಿಯಬೇಕು, ಏಕೆ, ಎಷ್ಟು ಹೆಚ್ಚಾಗುತ್ತದೆ ಎಂದು ಮಕ್ಕಳು ವಾದಿಸಬೇಕು. ವಾದ ಜೋರಾಯಿತು. ನಾವಿಕನೇ ಇಳಿಯಲಿ ಎಂದು ಸಮುದ್ರ ಕೂಡ ಕೂಗಿತು.

ಮೇಷ್ಟ್ರು ಎದ್ದು ನಿಂತರು. ಧ್ವನಿ ನಡುಗುತ್ತಿತ್ತು.

"ನಾನು ಇಳಿಯಲ್ಲ. ನಿಮ್ಮನ್ನ ಬಿಟ್ಟು ದೂರ ಇರೋಕೆ ನನ್ನ ಕೈಲಿ ಆಗಲ್ಲ."

ಅಬ್ಬಾ, ಎಷ್ಟು ಚೆನ್ನಾಗಿ ಮಾಡ್ತಿದ್ದಾರೆ... ಎಂದು ಅವಳಿಗೆ ರೋಮಾಂಚನವಾಯಿತು. ನೀರಿನ ಬಾಟಲಿಯಿಂದ ಕಣ್ಣೆತ್ತದೆ, ಕಪ್ತಾನಿನ ಗತ್ತಿನಲ್ಲೇ ಹೇಳಿದಳು.

"ಇಳಿದುಬಿಡಿ. ನೀವಿದ್ರೂ ಒಂದೇ, ಇಲ್ಲದಿದ್ರೂ ಒಂದೇ. ಒಬ್ಬರು ಕಮ್ಮಿಯಾದ್ರೆ ಎಲ್ಲರಿಗೂ ಒಳ್ಳೇದು."

ಮೇಷ್ಟ್ರು ಅವಳನ್ನೇ ನೋಡಿದರು. ಆಮೇಲೆ ನಿಧಾನವಾಗಿ ಬೆಂಚಿನಿಂದ ಇಳಿದು, ನೀಲಿ ಬಟ್ಟೆ ದಾಟಿ, ಬಾಗಿಲಾಚೆ ಹೋದರು. ಅಷ್ಟರಲ್ಲಿ ಗಂಟೆ ಹೊಡೆಯಿತು.

ಅವಳು ಚಪ್ಪಾಳೆ ತಟ್ಟಿದಳು.

ಆ ಚಪ್ಪಾಳೆಯ ನೆನಪು ಮುಂದೆ ಅವಳನ್ನು ಎಷ್ಟು ಸುಟ್ಟಿತೆಂದರೆ...

ಮುಂದಿನ ಬುಧವಾರ ಮೇಷ್ಟ್ರು ಬರಲಿಲ್ಲ. ಸ್ಟಾಫ್ ರೂಮಿನಲ್ಲಿ ಅವಳು ಕೂತರೆ ಅವರು ಏಳುತ್ತಿದ್ದರು. ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಕಾರಿಡಾರಿನಲ್ಲಿ ಅಡ್ಡ ನಿಂತು ಏನಾಯಿತೆಂದು ಕೇಳಿದರೆ, ಕೆಲಸವಿದೆ ಎಂದು ನೆಲ ನೋಡುತ್ತ ಹೋದರು. ಅದರ ಮರುದಿನ ಹೆಡ್ ಮಿಸ್ ಸುದ್ದಿ ಹೇಳಿದರು. ಇದೇ ಸಂಸ್ಥೆಯ ಇನ್ನೊಂದು ಶಾಲೆಗೆ, ಬಸ್ಸಿನಲ್ಲಿ ಆರು ಗಂಟೆ ದೂರದ ಊರಿಗೆ, ಮೇಷ್ಟ್ರೇ ಕೇಳಿ ವರ್ಗ ಮಾಡಿಸಿಕೊಂಡಿದ್ದಾರೆ. ಬರುವ ಬುಧವಾರ ಮಧ್ಯಾಹ್ನವೇ ಹೊರಡುತ್ತಾರೆ.

ಅವಳಿಗೆ ಒಂದೇ ಯೋಚನೆ. 'ನಾನೇನು ಮಾಡಿದೆ? ಅವರಿಗೆ ಬೇರೆ ಯಾರಾದರೂ ಸಿಕ್ಕಿದ್ದಾರಾ? ಅಥವಾ ನನ್ನ ಮನಸ್ಸು ಮುಖದಲ್ಲೇ ಕಂಡು ಹೇಸಿಗೆಯಾಯಿತಾ?' ಕ್ಲಾಸಿನಲ್ಲಿ ನಗುವ ಪಾತ್ರ ಮಾಡಿ, ಶಾಲು ಮೊಳೆಗೆ ಹಾಕಿದ ಕೂಡಲೇ ಗೋಡೆಗೆ ತಿರುಗಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಏಳು ತಿಂಗಳಲ್ಲಿ ಒಂದು ಸಲವೂ ಹೇಳದವಳಿಗೆ ಈಗ ಅಳಲು ಯಾವ ಹಕ್ಕು ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಕೊನೆಯ ಬುಧವಾರ ಬಂತು. ಬೆಂಚು ಜೋಡಿಸುವ ಶಕ್ತಿಯೂ ಅವಳಲ್ಲಿರಲಿಲ್ಲ. ಮಕ್ಕಳನ್ನು ನೆಲದ ಮೇಲೆ ದುಂಡಗೆ ಕೂರಿಸಿದಳು. ಆಟ ಮುಗಿದ ಮೇಲೆ ಹೀಗೆ ಸುತ್ತ ಕೂತು ಯಾರು ಏನು ಗಮನಿಸಿದರು ಎಂದು ಹೇಳುವುದು ಅವಳ ಕ್ಲಾಸಿನ ರೂಢಿ. ದ್ವೀಪದ ಪಾಠದ ದಿನ ಗಂಟೆ ಹೊಡೆದು ಅದು ತಪ್ಪಿಹೋಗಿತ್ತು. ಬೇರೇನೂ ತೋಚದೆ ಅದನ್ನೇ ಕೇಳಿದಳು.

ಎಲ್ಲರಿಗಿಂತ ಮೊದಲು ಚಿನಕುರುಳಿ ಕೈ ಎತ್ತಿದಳು.

"ನೀವು ಸರ್‌ಗೆ ನಿಜವಾಗ್ಲೂ ಯಾಕೆ ಬೈದ್ರಿ ಮಿಸ್?"

ಅದು ನಾಟಕದ ಮಾತು, ತಾನು ಶಾಲು ಹೊದ್ದಿರಲಿಲ್ಲವೇ ಎಂದು ಅವಳು ಕೇಳಿದಳು.

"ಇಲ್ವಲ್ಲ. ನನಗೆ ಜ್ವರ ಬಂದು ನಡುಗ್ತಿದ್ದೆ ಅಂತ ಮಧ್ಯದಲ್ಲೇ ನನಗೆ ಹೊದಿಸಿದ್ರಿ." ಹುಡುಗಿ ಎದ್ದು ಹೋಗಿ ಮೊಳೆಯಿಂದ ಶಾಲು ತಂದು ಮಿಸ್ಸಿನ ಹೆಗಲಿಗೆ ಹಾಕಿ ತೋರಿಸಿದಳು. "ಅವತ್ತು ಹೀಗಿರ್ಲಿಲ್ಲ."

ಅವಳು ಉಳಿದ ಮಕ್ಕಳ ಕಡೆ ತಿರುಗಿದಳು.

"ಸರ್ ಕೂಡ ಟೋಪಿ ತೆಗೆದಿದ್ರು," ಎಂದು ಸಮುದ್ರದವರಲ್ಲಿ ಒಬ್ಬಳು ಸೇರಿಸಿದಳು. "ತೆಗೆದು ಎದೆಗೆ ಹಿಡ್ಕೊಂಡೇ ಮಾತಾಡಿದ್ರು. ನೀವು ಬಾಟಲಿ ನೋಡ್ತಿದ್ರಿ."

ಹಾಗಾದರೆ... ಆ ಮಾತು ನಾವಿಕನದಲ್ಲ. ಅವರದೇ!

ಒಬ್ಬ ನಿಯಮದ ಮನುಷ್ಯ, ಟೋಪಿ ತೆಗೆದು, ಅವಳ ಬರಿ ಹೆಗಲು ನೋಡಿಕೊಂಡು, ಇದ್ದ ಧೈರ್ಯವೆಲ್ಲ ಕೂಡಿಸಿ ಹೃದಯ ಮುಂದಿಟ್ಟಿದ್ದ. ಅವಳು ಇಳಿದುಬಿಡು ಎಂದಿದ್ದಳು. ಮೇಲೆ ಚಪ್ಪಾಳೆ ಬೇರೆ!

ಪಕ್ಕದ ಕೋಣೆಗೆ ಓಡಿದಳು. ಅಲ್ಲಿ ಬೇರೆ ಮೇಷ್ಟ್ರು ಇದ್ದರು. ಕಾರಿಡಾರಿನಲ್ಲಿ ಸಿಕ್ಕ ಹೆಡ್ ಮಿಸ್ಸಿಗೆ ಮಕ್ಕಳನ್ನು ಒಪ್ಪಿಸಿ, ಅವರು ಏಕೆ ಎಂದು ಕೇಳುವ ಮೊದಲೇ ಗೇಟು ದಾಟಿದ್ದಳು. ಔಷಧಿ ಅಂಗಡಿ, ಸೈಕಲ್ ರಿಪೇರಿಯವನು, ಸೇತುವೆ... ಉಸಿರು ಕಟ್ಟಿ ಬರುತ್ತಿತ್ತು. ಮೇಷ್ಟ್ರು ವಾಸವಿದ್ದದ್ದು ಅವರ ಅಕ್ಕನ ಮನೆಯಲ್ಲಿ.

ಬಾಗಿಲು ತೆರೆದ ಅಕ್ಕ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನೀವೇನಾ ಆ ಕಪ್ತಾನು? ಹದಿನೈದು ದಿನದಿಂದ ನನ್ನ ತಮ್ಮ ತಟ್ಟೆ ಮುಂದೆ ಕೂತು ಗೋಡೆ ನೋಡ್ತಾನೆ. ಕೇಳಿದ್ರೆ, ದೋಣಿಯಿಂದ ಇಳಿಸಿದ್ರು ಅಂತಾನೆ. ಅದ್ಯಾವ ದೋಣಿನಮ್ಮಾ?"

ಅವಳ ಕಣ್ಣೀರು ಧಾರಾಕಾರವಾಗಿ ಹರಿಯಿತು. ಅದನ್ನು ಕಂಡು ಅಕ್ಕನ ಧ್ವನಿ ಮೆತ್ತಗಾಯಿತು. ಸೂಟ್‌ಕೇಸ್ ಹಿಡಿದು ಹೊರಟವನು, ಟೋಪಿ ನಾಟಕದ ಕೋಣೆಗೆ ಸೇರಬೇಕಾದ್ದು, ಕೊಟ್ಟು ಹೋಗುತ್ತೇನೆ ಎಂದು ಹಿಂದಿನ ರಸ್ತೆಯಿಂದ ಶಾಲೆಗೇ ಹೋದ ಎಂದರು.

ಮತ್ತೆ ಅದೇ ಸೇತುವೆ, ಅದೇ ಸೈಕಲ್ ಅಂಗಡಿ. ಎರಡು ಸಲ ಮುಗ್ಗರಿಸಿದಳು. 'ತಲುಪುವಷ್ಟರಲ್ಲಿ ಹೊರಟುಹೋಗಿದ್ದರೆ? ಜೀವಮಾನವೆಲ್ಲ ಅವರ ಕಿವಿಯಲ್ಲಿ ಅದೇ ಮಾತು ಉಳಿದುಬಿಟ್ಟರೆ?'

ಶಾಲೆಯಲ್ಲಿ ಊಟದ ಗಂಟೆ ಆಗಿತ್ತು. ನಾಟಕದ ಕೋಣೆಯ ಬಾಗಿಲು ಅರ್ಧ ತೆರೆದಿತ್ತು.

ಮೇಷ್ಟ್ರು ಇದ್ದರು. ಪಕ್ಕದಲ್ಲಿ ಸೂಟ್‌ಕೇಸು. ಬೆನ್ನು ತಿರುಗಿಸಿ ನಿಂತು ಟೋಪಿಯನ್ನು ಮೊಳೆಗೆ ಹಾಕುತ್ತಿದ್ದರು.

"ಸರ್... ಅವತ್ತು ನಾನು ಹೇಳಿದ್ದು ನನ್ನ ಮಾತಲ್ಲ."

ಅವರು ತಿರುಗಿ ನೋಡಿದರು. ನೋಟ ಅವಳ ಮುಖಕ್ಕೆ ಬರುವ ಮೊದಲು ಹೆಗಲಿನ ಮೇಲೆ ನಿಂತಿತು.

"ಈಗ ಆಡ್ತಿರೋದು ಯಾರ ಮಾತು ಮಿಸ್?"

ಅವಳು ತಲೆ ಬಗ್ಗಿಸಿ ನೋಡಿಕೊಂಡಳು. ಚಿನಕುರುಳಿ ಹೊದಿಸಿದ ಶಾಲು! ಅದನ್ನು ಹೊದ್ದುಕೊಂಡೇ ಅರ್ಧ ಊರು ಓಡಿಬಂದಿದ್ದಳು.

ಶಾಲು ತೆಗೆದಳು. ಮೊದಲ ಸಲ ಮೊಳೆಗೆ ಸಿಕ್ಕದೆ ಜಾರಿಬಿತ್ತು. ಎತ್ತಿ ಮತ್ತೆ ಹಾಕಿದಳು, ನೀಲಿ ಟೋಪಿಯ ಮೇಲೆಯೇ. ಆಮೇಲೆ ಅವರ ಎದುರು ಬರಿಗೈಯಲ್ಲಿ ಬಂದು ನಿಂತಳು.

ಶಾಲು ಹೆಗಲ ಮೇಲಿದೆ ಎಂದೇ ತಿಳಿದಿದ್ದೆ, ಟೋಪಿ ತೆಗೆದದ್ದು ಕಾಣಲಿಲ್ಲ, ಇವತ್ತು ಮಕ್ಕಳು ಹೇಳಿದ ಮೇಲೆಯೇ ಗೊತ್ತಾಯಿತು ಎಂದು ತಡವರಿಸುತ್ತ ಎಲ್ಲ ಹೇಳಿದಳು. ಮೇಷ್ಟ್ರು ಪಕ್ಕದ ಬೆಂಚಿನ ಮೇಲೆ ಕುಸಿದು ಕೂತರು. ಅವರೇ ಮೊಳೆ ಹೊಡೆದ ಬೆಂಚು.

"ಇಳೀಬೇಡಿ," ಎಂದಳು. "ನೀವಿಲ್ಲದಿದ್ರೂ ಒಂದೇ ಅಂದೆನಲ್ಲ, ಅದು ಶುದ್ಧ ಸುಳ್ಳು. ನೀವು ಬರದ ಈ ಹದಿನೈದು ದಿನ ನಾನು ಬದುಕಿದ್ದು ಶಾಲು ಹೊದ್ದಾಗ ಮಾತ್ರ. ನನಗೆ ನೀವು ಬೇಕು."

ಅವರು ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. ಆಮೇಲೆ ವರ್ಗದ ಕಾಗದ ಕೈಗೆ ಬಂದಾಗಿದೆ, ಸೋಮವಾರ ಅಲ್ಲಿ ಹಾಜರಾಗಲೇಬೇಕು, ಈ ವರ್ಷ ಮುಗಿಯದೆ ಈ ಶಾಲೆಗೆ ವಾಪಸು ಬರುವಂತಿಲ್ಲ ಎಂದು ಮೆಲ್ಲಗೆ ಹೇಳಿದರು. ಆರು ಗಂಟೆ ದಾರಿ.

"ಕಾಯ್ತೀನಿ."

"ಪ್ರತಿ ಶನಿವಾರ ಬಸ್ ಹತ್ತಿ ಬರ್ತೀನಿ. ಅಕ್ಕನಿಗೆ ಇವತ್ತೇ ಹೇಳಿ ಹೋಗ್ತೀನಿ."

ಅವಳು ಅಳುತ್ತಲೇ ನಕ್ಕಳು. ಓಡಿ ಓಡಿ ಗಂಟಲು ಒಣಗಿತ್ತು, ಕೆಮ್ಮು ಬಂತು. ಮೇಷ್ಟ್ರು ಕಿಟಕಿಯ ಮೇಲಿದ್ದ ದೋಣಿಯ ಬಾಟಲಿಯನ್ನು ತಂದು ಅವಳ ಕೈಗಿಟ್ಟರು.

"ಒಂದು ಬಾಟಲಿ, ಇಬ್ಬರು," ಎಂದಳು. "ನನಗೆಷ್ಟು ಮೇಷ್ಟ್ರೇ?"

"ಪೂರ್ತಿ."

"ಲೆಕ್ಕ ತಪ್ಪಾಯ್ತಲ್ಲ."

"ಆಗ್ಲಿ ಬಿಡು," ಎಂದರು ಅವರು, ಮೊದಲ ಸಲ ಏಕವಚನದಲ್ಲಿ. "ಕುಡಿ."