ಏಳನೇ ನಂಬರಿನ ಫ್ಯೂಸ್

ಸೋಮವಾರ ಬೆಳಿಗ್ಗೆ ಎಂಟೂವರೆಗೆ ಕಸ ಗುಡಿಸಲೆಂದು ಲ್ಯಾಬಿನ ಬಾಗಿಲು ತೆಗೆದ ಹಾಲಮ್ಮ ಪೊರಕೆಯನ್ನು ಅಲ್ಲೇ ಬಿಟ್ಟು ಹಿಂದಕ್ಕೆ ಸರಿದಳು. ಪ್ರಯೋಗದ ಮೇಜಿನ ಕೆಳಗೆ ಶ್ಯಾಮಲಾ ಬಿದ್ದಿದ್ದಳು. ಬಲಗೈ ಬೆರಳುಗಳು ಕಪ್ಪಗಾಗಿದ್ದವು. ಮೇಜಿನ ಮೇಲಿನ ಯಂತ್ರ ಇನ್ನೂ ಸಣ್ಣಗೆ ಗುಂಯ್‌ಗುಡುತ್ತಿತ್ತು.

ಸಾಗರದ ಹೊರವಲಯದ ಆ ಎಂಜಿನಿಯರಿಂಗ್ ಕಾಲೇಜಿಗೆ ಸಬ್ ಇನ್‌ಸ್ಪೆಕ್ಟರ್ ತನುಜಾ ಬಂದಾಗ ಒಂಬತ್ತು ದಾಟಿತ್ತು. ಮೊದಲು ಮೇನ್ ಸ್ವಿಚ್ ಆರಿಸಿದಳು. ಆಮೇಲೆ ಒಳಗೆ ಕಾಲಿಟ್ಟಳು. ಇಲ್ಲಿ ಅವಸರ ಮಾಡಿದರೆ ಎರಡನೇ ಹೆಣ ತನ್ನದೇ ಆದೀತೆಂದು ಅವಳಿಗೆ ಗೊತ್ತಿತ್ತು.

"ನಿನ್ನೆ ಭಾನುವಾರ. ಒಬ್ಳೇ ಬಂದಿದಾಳೆ," ಎಂದರು ಡಾ. ಶ್ರೀನಾಥ್. ಸತ್ತವಳ ಪಿಎಚ್.ಡಿ. ಗೈಡ್. "ಕರೆಂಟ್ ಇಟ್ಕೊಂಡೇ ವೈರ್ ಮುಟ್ಟಿದಾಳೆ. ಹತ್ತು ಸಲ ಹೇಳಿದ್ದೆ ಮೇಡಂ. ನಿರ್ಲಕ್ಷ್ಯ."

"ನೀವೆಲ್ಲಿದ್ರಿ ಸರ್?"

"ವರದಹಳ್ಳಿ ಆಶ್ರಮದಲ್ಲಿ. ಮೂರೂವರೆಗೆ ಅಲ್ಲಿಂದ್ಲೇ ಅವ್ಳಿಗೆ ಫೋನ್ ಮಾಡಿದ್ದೆ. ಬುಧವಾರದ ಪ್ರಯೋಗಕ್ಕೆ ಎಲ್ಲಾ ಸಿದ್ಧ ಮಾಡು ಅಂದೆ."

ಲ್ಯಾಬಿನ ಹೊರಗೆ, ಪಡಸಾಲೆಯ ಗೋಡೆಯಲ್ಲಿ ಹಳೆಯ ಕಾಲದ ಬಿಳಿ ಪಿಂಗಾಣಿ ಫ್ಯೂಸುಗಳ ಸಾಲಿತ್ತು. ಕೋಣೆಗೊಂದು ಫ್ಯೂಸು. ಲ್ಯಾಬಿನದು ಏಳನೆಯದು. ತನುಜಾ ಕಣ್ಣು ಹಾಯಿಸಿದಳು. ಫ್ಯೂಸು ಕೂರಿಸುವ ಏಳನೇ ಮನೆ ತುಂಬಿತ್ತು. ಅಲ್ಲಿಗೆ ಗೈಡ್ ಹೇಳಿದ್ದೇ ಸರಿಯೆನ್ನಿಸಿತು. ಆದರೂ ಮನಸ್ಸಿನ ಮೂಲೆಯಲ್ಲಿ ಏನೋ ಚುಚ್ಚುತ್ತಿತ್ತು.

\* \* \*

ಆಸ್ಪತ್ರೆಯ ಶವಾಗಾರದ ಎದುರು ಜಯಪ್ಪ ನಿಂತಿದ್ದ. ರಿಪ್ಪನ್‌ಪೇಟೆಯಲ್ಲಿ ಲೈನ್‌ಮನ್. ಶ್ಯಾಮಲಾಳ ಅಪ್ಪ. ಅಳಲಿಲ್ಲ. ಮಗಳು ಹೇಗೆ ಸತ್ತಳೆಂದೂ ಕೇಳಲಿಲ್ಲ.

"ಫ್ಯೂಸ್ ಎಲ್ಲಿತ್ತು ಮೇಡಂ?"

"ಅದರ ಜಾಗದಲ್ಲೇ ಇತ್ತು ಜಯಪ್ಪನೋರೆ."

ಅವನು ತಲೆ ಅಲ್ಲಾಡಿಸಿದ. "ಇಪ್ಪತ್ತೆಂಟು ವರ್ಷ ಕಂಬ ಹತ್ತಿದೀನಿ. ಮುಟ್ಟೋ ಮುಂಚೆ ಫ್ಯೂಸ್ ಕೀಳ್ಬೇಕು, ಕಿತ್ತಿದ್ದು ನಮ್ಮ ಜೇಬಲ್ಲೇ ಇರ್ಬೇಕು. ಬೋರ್ಡ್ ಮೇಲಿಟ್ರೆ ಯಾರೋ ಬಂದು ಹಾಕಿಬಿಡ್ತಾರೆ. ಮಗೀಗೆ ಆರು ವರ್ಷ ಇದ್ದಾಗ್ಲೇ ಕಲಿಸಿದ್ದೆ. ಈಗ ಆಫೀಸಲ್ಲೆಲ್ಲ, ಲೈನ್‌ಮನ್ ಮಗಳೇ ಫ್ಯೂಸ್ ಕೀಳ್ದೆ ಸತ್ಲು ಅಂತಿದಾರೆ. ನಾ ಕಲ್ಸಿದ್ದು ಸರಿ ಇರ್ಲಿಲ್ವಾ? ಅದೊಂದು ತಿಳ್ಕೊಂಡು ಹೇಳಿ ಸಾಕು."

"ಕೊನೇಲಿ ಮಾತಾಡಿದ್ದು ಯಾವಾಗ?"

"ಶನಿವಾರ. 'ಇದ್ದದ್ದು ಇದ್ದಂಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದ್ದರಂತೆ, ಆದ್ರೂ ಹೇಳ್ತೀನಪ್ಪ' ಅಂದ್ಲು. ಯಾರಿಗೆ, ಏನು ಅಂತ ಹೇಳ್ಲಿಲ್ಲ."

ಅಷ್ಟರಲ್ಲಿ ಕಾನ್‌ಸ್ಟೆಬಲ್ ನಿಂಗಪ್ಪ ಶವದ ಮೇಲಿದ್ದ ವಸ್ತುಗಳ ಚೀಲ ತಂದ. ಕೈಗಡಿಯಾರ, ಕರವಸ್ತ್ರ, ಬಸ್ ಟಿಕೆಟ್. ಕೆಳಗೆ, ಅವಳ ಜೇಬಿನಲ್ಲಿ ಸಿಕ್ಕ ಇನ್ನೊಂದು ಭಾರದ ವಸ್ತು.

ಬಿಳಿ ಪಿಂಗಾಣಿ ಫ್ಯೂಸು. ಅದರ ಒಳಬದಿಯಲ್ಲಿ ಕೆಂಪು ಬಣ್ಣದಲ್ಲಿ ಬರೆದ ಏಳು.

ಜೇಬಿನಲ್ಲಿ ಏಳನೆಯದಿದ್ದರೆ, ಏಳನೇ ಮನೆಯಲ್ಲಿ ಕೂತಿದ್ದು ಯಾವುದು?

\* \* \*

ಕಾಲೇಜಿಗೆ ಮರಳಿ ಕಿತ್ತು ನೋಡಿದರೆ, ಎಂಟನೆಯದು. ನಂಬರು ಬರೆದವಳು ಶ್ಯಾಮಲಾಳೇ ಎಂದಳು ಹಾಲಮ್ಮ. "ಮನೆಗೊಂದು, ಫ್ಯೂಸಿಗೊಂದು ಬರ್ದಿದ್ರು. ಅದಲು ಬದಲಾಗ್ಬಾರ್ದು ಅಂತ."

ಪಕ್ಕದ ಎಂಟನೇ ಮನೆ ಖಾಲಿ. ಅಂದರೆ ಇದು ಆಕಸ್ಮಿಕವಲ್ಲ. ಹುಡುಗಿ ಒಳಗೆ ಎರಡೂ ಕೈಗಳಿಂದ ವೈರು ಹಿಡಿದಿದ್ದಾಗ ಯಾರೋ ಹೊರಗೆ ಬಂದು ನಿಂತಿದ್ದಾರೆ. ಏಳನೇ ಮನೆ ಖಾಲಿ ಕಂಡಿದೆ. ಪಕ್ಕದ್ದನ್ನು ಕಿತ್ತು ಅದಕ್ಕೆ ತುರುಕಿದ್ದಾರೆ. ಗೋಡೆಯ ಈಚೆ ನಿಂತು, ಮುಖವನ್ನೂ ನೋಡದೆ ಕೊಂದಿದ್ದಾರೆ.

ಕಟ್ಟಡದ ಬೀಗದ ಕೈ ಹಾಲಮ್ಮನನ್ನು ಬಿಟ್ಟರೆ ಮೂವರ ಬಳಿ ಇತ್ತು. ಶ್ಯಾಮಲಾ, ಅವಳ ಜೊತೆಯ ಸಂಶೋಧನಾ ವಿದ್ಯಾರ್ಥಿ ದುರ್ಗೇಶ್, ಮತ್ತು ಗೈಡ್. ಹಾಲಮ್ಮ ಭಾನುವಾರವಿಡೀ ಹೊಸನಗರದಲ್ಲಿ ತಂಗಿಯ ಮಗಳ ಮದುವೆಯಲ್ಲಿದ್ದಳು. ಇನ್ನೂರು ಜನ ಸಾಕ್ಷಿ.

"ದುರ್ಗೇಶನನ್ನ ನೋಡಿ ಮೇಡಂ," ಎಂದು ಶ್ರೀನಾಥ್ ತಗ್ಗಿದ ದನಿಯಲ್ಲಿ ಅಂದರು. "ಎರಡು ವರ್ಷ ಇಬ್ರಿಗೂ ಫೆಲೋಶಿಪ್ ಬಂತು. ಇನ್ಮುಂದೆ ಒಬ್ರಿಗೆ ಮಾತ್ರ. ಬುಧವಾರ ಕಮಿಟಿ ಬರುತ್ತೆ. ಅವನಿಗೆ ಅದು ತಪ್ಪಿದ್ರೆ ಓದು ಅಲ್ಲಿಗೇ ನಿಂತ್ಹೋಗುತ್ತೆ."

ಅವರ ಕುರ್ಚಿಯ ಹಿಂದೆ ದೊಡ್ಡ ಪೋಸ್ಟರ್ ತೂಗುತ್ತಿತ್ತು. ವಿದ್ಯುತ್ ಕಂಬದಲ್ಲಿ ತಂತಿ ಹೊರುವ ಪಿಂಗಾಣಿಯ ಬಿರುಕನ್ನು ಮೊದಲೇ ಪತ್ತೆ ಹಚ್ಚುವ ಉಪಕರಣ. ನೂರರಲ್ಲಿ ತೊಂಬತ್ತಾರು ಸಲ ಯಶಸ್ಸು. ಅದರ ಕೆಳಗೆ ಯೋಜನೆಗೆ ಮಂಜೂರಾದ ಅನುದಾನ, ನಲವತ್ತು ಲಕ್ಷ.

\* \* \*

ದುರ್ಗೇಶ್ ಎಂಟನೇ ಕೋಣೆಯಲ್ಲಿ, ಬೇರೆ ಕೋಣೆಯಿಂದ ವೈರು ಎಳೆದು ಹಚ್ಚಿಕೊಂಡ ತನ್ನ ಕಂಪ್ಯೂಟರಿನ ಮುಂದೆ ತಲೆ ಹಿಡಿದು ಕೂತಿದ್ದ. ತೀರ್ಥಹಳ್ಳಿಯವನು. ಭಾನುವಾರ ಮಧ್ಯಾಹ್ನ ಎಲ್ಲಿದ್ದೆ ಎಂದರೆ ರೂಮಿನಲ್ಲಿ ಮಲಗಿದ್ದೆ ಅಂದ. ಸಾಕ್ಷಿಗೆ ಯಾರೂ ಇಲ್ಲ.

"ಅವ್ಳು ಹೋದ್ಮೇಲೆ ಫೆಲೋಶಿಪ್ ನಿಂದೇ ಅಲ್ವಾ?"

"ಎಂತ ಫೆಲೋಶಿಪ್ ಮೇಡಂ. ತೋರ್ಸಕ್ಕೆ ನನ್ ಹತ್ರ ಏನಿದೆ?" ಅವನ ಕಣ್ಣು ಕೆಂಪಗಿತ್ತು. "ಒಂಬತ್ತು ದಿನದಿಂದ ಒಂದು ಲೆಕ್ಕ ಓಡಿಸ್ತಿದ್ದೆ. ಸ್ಕ್ರೀನ್ ಆಫ್ ಮಾಡಿಟ್ಟು ಹೋಗಿದ್ದೆ. ಇವತ್ತು ಮುಗೀಬೇಕಿತ್ತು. ನೋಡಿ, ಭಾನುವಾರ ಮೂರು ನಲವತ್ತಕ್ಕೆ ನಿಂತುಹೋಗಿದೆ. ಯುಪಿಎಸ್ ಬ್ಯಾಟರಿ ಸತ್ತು ವರ್ಷ ಆಯ್ತು. ಸರ್‌ನ ಕೇಳಿದ್ರೆ ದುಡ್ಡಿಲ್ಲ ಅಂತಾರೆ."

ಮತ್ತೆ ಶ್ಯಾಮಲಾಳ ನೋಟ್‌ಬುಕ್ ಚಾಚಿದ. "ಇದು ನನ್ ಡ್ರಾಯರಲ್ಲಿತ್ತು. ಶನಿವಾರ ಇಟ್ಟು, ಜೋಪಾನ ಅಂದಿದ್ಲು."

ನೂರಾರು ಪ್ರಯೋಗಗಳ ದಿನಾಂಕ, ವೇಳೆ, ಫಲಿತಾಂಶ. ಕೊನೆಯ ಪುಟದಲ್ಲಿ ಅಡಿಗೆರೆ ಎಳೆದ ಒಂದೇ ಸಾಲು: ನೂರಕ್ಕೆ ಅರವತ್ತೊಂದು.

ತನುಜಾ ಆ ಸಾಲನ್ನು ಎರಡು ಸಲ ಓದಿದಳು. ಗೈಡಿನ ಪೋಸ್ಟರಿನಲ್ಲಿದ್ದದ್ದು ತೊಂಬತ್ತಾರು. ಬಿರುಕು ಬಿಟ್ಟ ಪಿಂಗಾಣಿಯನ್ನು ಚೆನ್ನಾಗಿದೆಯೆಂದು ನಂಬಿ ಕಂಬ ಹತ್ತುವವನು ಯಾರು? ಜಯಪ್ಪನಂಥವನು.

\* \* \*

ಮಂಗಳವಾರ ಹನ್ನೊಂದು ಗಂಟೆ. ಪಡಸಾಲೆಯಲ್ಲಿ ಶ್ರೀನಾಥ್, ದುರ್ಗೇಶ್, ಜಯಪ್ಪ. ಕಾಲೇಜಿಗೆ ರಜೆ. ಇಡೀ ಕಟ್ಟಡ ಬಿಕೋ ಎನ್ನುತ್ತಿತ್ತು.

"ಸರ್, ದುರ್ಗೇಶ್ ಲೆಕ್ಕ ನಿಂತು ಹೋಯ್ತಂತೆ. ಗೊತ್ತಾ?" ಎಂದಳು ತನುಜಾ.

"ಯಾವ ಲೆಕ್ಕ?"

ಪ್ರಶ್ನೆ ಬಾಯಿಂದ ಜಾರಿದ ಮೇಲೆ ಅವರ ಮುಖ ಬದಲಾಯಿತು.

"ಅದೇ ಸರ್. ನಿಮ್ಮ ಶಿಷ್ಯ ಒಂಬತ್ತು ದಿನದಿಂದ ಏನು ಮಾಡ್ತಿದ್ದ ಅಂತ ನಿಮಗೇ ಗೊತ್ತಿರ್ಲಿಲ್ಲ. ಭಾನುವಾರ, ಬೀಗ ಹಾಕಿದ ಕತ್ತಲೆ ಕೋಣೆ. ಅದರ ಫ್ಯೂಸ್ ಕಿತ್ರೆ ಯಾರಿಗೂ ತಿಳಿಯಲ್ಲ ಅಂದ್ಕೊಂಡ್ರಿ. ದುರ್ಗೇಶ್ ಕೊಲೆಗಾರ ಆಗಿದ್ರೆ ಈ ಸಾಲಲ್ಲಿ ಯಾವ ಫ್ಯೂಸ್ ಬೇಕಾದ್ರೂ ಕೀಳ್ತಿದ್ದ, ಎಂಟನೇದು ಮಾತ್ರ ಮುಟ್ತಿರ್ಲಿಲ್ಲ. ಫೆಲೋಶಿಪ್ಪಿಗೋಸ್ಕರ ಕೊಲ್ಲೋನು ಅದೇ ಫೆಲೋಶಿಪ್ ತರೋ ಕೆಲಸಾನ ಹಾಳ್ಮಾಡ್ಕೊತಾನಾ? ಉಳಿದ ಬೀಗದ ಕೈ ಒಂದೇ."

"ನಾನು ವರದಹಳ್ಳೀಲಿದ್ದೆ."

"ನಿಮ್ಮ ಫೋನ್ ಇರ್ಲಿಲ್ಲ. ಮೂರೂವರೆ ಕರೆ ಹೋಗಿದ್ದು ಈ ಕಾಲೇಜಿನ ಪಕ್ಕದ ಟವರಿಂದ. ವೈರ್ ಜೋಡಿಸು ಅಂದ್ರಿ. ಹತ್ತು ನಿಮಿಷ ಕಾದ್ರಿ. ಮೂರು ನಲವತ್ತಕ್ಕೆ ಆ ಕಂಪ್ಯೂಟರ್ ನಿಂತಿತು. ನೀವು ಬ್ಯಾಟರಿ ಕೊಡಿಸಿದ್ರೆ ಅದು ನಿಲ್ತಾನೂ ಇರ್ಲಿಲ್ಲ, ಈ ವೇಳೆ ನನಗೆ ಸಿಗ್ತಾನೂ ಇರ್ಲಿಲ್ಲ."

ಶ್ರೀನಾಥ್ ಗೋಡೆಗೆ ಒರಗಿದರು. "ಅರವತ್ತೊಂದು ಅಂತ ಕಮಿಟಿ ಮುಂದೆ ಹೇಳಿಬಿಡ್ತೀನಿ ಅಂದ್ಲು," ಎಂದರು. "ಅನುದಾನ ವಾಪಸ್ ಹೋಗ್ತಿತ್ತು. ನನ್ನ ಹದಿನೆಂಟು ವರ್ಷದ ಹೆಸರು. ಬಂದು ನೋಡಿದ್ರೆ ಕಿತ್ತ ಫ್ಯೂಸ್ ಬೋರ್ಡ್ ಮೇಲೆ ಇರ್ಲಿಲ್ಲ. ಎಲ್ಲಿಟ್ಟಿದ್ಲೋ ಗೊತ್ತಾಗ್ಲಿಲ್ಲ."

ಹದಿನೆಂಟು ವರ್ಷ ವಿದ್ಯುತ್ತಿನ ಪಾಠ ಹೇಳಿದ ಮನುಷ್ಯನಿಗೆ ಕಿತ್ತ ಫ್ಯೂಸು ಜೇಬಿನಲ್ಲಿರುತ್ತದೆಂಬ, ಯಾವ ಲೈನ್‌ಮನ್‌ಗೂ ಗೊತ್ತಿರುವ ಸಂಗತಿ ಗೊತ್ತಿರಲಿಲ್ಲ. ತನುಜಾಳಿಗೆ ಹೇಸಿಗೆಯಾಯಿತು.

ನಿಂಗಪ್ಪ ಅವರನ್ನು ಜೀಪಿನತ್ತ ಕರೆದೊಯ್ದ. ಜಯಪ್ಪ ಅತ್ತ ನೋಡಲೂ ಇಲ್ಲ. ತನುಜಾ ಮೊಹರು ಹಾಕಿದ ಚೀಲವನ್ನು ಅವನ ಕೈಗಿಟ್ಟಳು. ಪ್ಲಾಸ್ಟಿಕ್ಕಿನ ಒಳಗೆ ಕೆಂಪು ಏಳು ಕಾಣುತ್ತಿತ್ತು.

"ಕೋರ್ಟಿಗೆ ಬೇಕು. ಕೊಡಕ್ಕಾಗಲ್ಲ. ಒಂದ್ಸಲ ಹಿಡ್ಕೊಳ್ಳಿ."

ಅವನು ಹೆಬ್ಬೆರಳಿನಿಂದ ಆ ಅಂಕಿಯನ್ನು ಸವರಿದ.

"ಜೇಬಲ್ಲೇ ಇತ್ತಾ?"

"ಜೇಬಲ್ಲೇ ಇತ್ತು."

ಜಯಪ್ಪ ಫ್ಯೂಸಿನ ಗೋಡೆಯ ಕೆಳಗೆ ಕುಕ್ಕರಿಸಿದ. ಎರಡು ದಿನದಲ್ಲಿ ಮೊದಲ ಸಲ ಅತ್ತ.